ಮೂರು ಊರು, ಮೂರು 201

ಹನಿ ನೀರಾವರಿ ಸಾಮಾನು ಮಾರುವ ಒಂದು ಸಂಸ್ಥೆಯ ಫೋನುಗಳನ್ನು ನಾನು ನೋಡಿಕೊಳ್ಳುತ್ತೇನೆ. ಬೆಳಗಾವಿಯಲ್ಲಿ ಕಚೇರಿ, ಬಾಗಲಕೋಟೆಯ ನವನಗರದಲ್ಲಿ ಮಳಿಗೆ, ವಿಜಯಪುರದಲ್ಲಿ ಗೋದಾಮು. ಅಕ್ಟೋಬರ್‌ನಲ್ಲಿ ದ್ರಾಕ್ಷಿ ಚಾಟ್ನಿ (ಬಳ್ಳಿ ಸವರುವ ಕೆಲಸ) ಶುರುವಾದರೆ ಗೋದಾಮಿಗೆ ಪುರುಸೊತ್ತೇ ಇರುವುದಿಲ್ಲ. ‘ಪೈಪ್ ಇದೆಯಾ’ ಅಂತ ಕೇಳೋಕೂ ಎಲ್ಲರೂ ಸ್ವಂತ ಮೊಬೈಲ್ ಹಿಡಿಯುತ್ತಿದ್ದರು. ಪ್ರತಿ ಊರಿನ ಒಳಗಿನ ಫೋನುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ, ಅಂದರೆ ಎಕ್ಸ್‌ಚೇಂಜ್ ಇತ್ತು. ಆ ಮೂರನ್ನೂ ಸೇರಿಸೋಣ ಅಂತ ಕೂತೆ.

ತಂತಿಯ ಕೆಲಸವೇ ಕಷ್ಟ ಅಂದುಕೊಂಡಿದ್ದೆ. ಕಷ್ಟವಾಗಿದ್ದು ನಂಬರು. ಮೂರೂ ಕಡೆ 201 ಅನ್ನುವ ಒಳನಂಬರು ಇತ್ತು: ಒಂದು ಕಡೆ ಮ್ಯಾನೇಜರ್, ಇನ್ನೊಂದು ಕಡೆ ಬಿಲ್ಲಿಂಗ್, ಮತ್ತೊಂದು ಕಡೆ ಗೋದಾಮು. ಎಸ್‌ಟಿಡಿ ಕೋಡ್‌ಗಳ ಕೊನೆಯ ಅಂಕಿ ನೋಡಿದೆ. ಬೆಳಗಾವಿ 0831, ಬಾಗಲಕೋಟೆ 08354, ವಿಜಯಪುರ 08352. ಅಂದರೆ 1, 4, 2. ಅದನ್ನೇ ಮುಂದೆ ಹಚ್ಚಿದೆ. ಬೆಳಗಾವಿಯಿಂದ ವಿಜಯಪುರಕ್ಕೆ 2201 ಒತ್ತಿದರೆ ಬೆಳಗಾವಿಯದೇ 220 ರಿಂಗಾಯಿತು! ಮೂರು ಅಂಕಿ ಹೊಂದಿದ ಕೂಡಲೇ ಪೆಟ್ಟಿಗೆ ಕಾಯಲಿಲ್ಲ, ಅಷ್ಟೇ. ಆ ರಾತ್ರಿ ಎಲ್ಲ ಅಳಿಸಿ ಮುಂದೊಂದು 8 ಸೇರಿಸಿದೆ. 81, 84, 82. ಒಳಗಿನ ಯಾವ ನಂಬರೂ 8ರಿಂದ ಶುರುವಾಗುವುದಿಲ್ಲ, ಹೊರಗಿನ ಲೈನಿಗೆ 0. ಗೊಂದಲ ಹೋಯಿತು.

ಬೆಳಗಾವಿ, ಬಾಗಲಕೋಟೆಯಲ್ಲಿ ಆಸ್ಟರಿಸ್ಕ್ (ಕಂಪ್ಯೂಟರಿನಲ್ಲಿ ಓಡುವ ಎಕ್ಸ್‌ಚೇಂಜ್ ತಂತ್ರಾಂಶ) ಇತ್ತು, ಸಿಪ್ ಟ್ರಂಕ್ ಹಾಕಿದೆ. ಅಂದರೆ ಇಂಟರ್ನೆಟ್ ಮೇಲೆ ಕರೆ ಜೋಡಿಸುವ ಸಿಪ್ ಪದ್ಧತಿಯ ಕೊಂಡಿ. ವಿಜಯಪುರದ್ದು ಹಳೆಯ ಅನಲಾಗ್ ಪೆಟ್ಟಿಗೆ. ಅದನ್ನು ಎಸೆಯೋಕೆ ಮನಸ್ಸಾಗಲಿಲ್ಲ. ಹೊರಗಿನ ಲೈನು ಸೇರುವ ಅದರ ನಾಲ್ಕು ಟ್ರಂಕ್ ಪೋರ್ಟ್‌ಗಳನ್ನು ಗೇಟ್‌ವೇ (ಅನಲಾಗ್ ಕರೆಯನ್ನು ಸಿಪ್‌ಗೆ ಬದಲಿಸುವ ಪೆಟ್ಟಿಗೆ) ಒದಗಿಸುವ ಎಫ್‌ಎಕ್ಸ್‌ಎಸ್ ಪೋರ್ಟ್‌ಗಳಿಗೆ, ಅಂದರೆ ಫೋನ್ ಲೈನ್ ಕೊಡುವ ತೂತುಗಳಿಗೆ ಕೊಟ್ಟೆ. ಒಟ್ಟಿಗೆ ನಾಲ್ಕು ಕರೆ, ಸಾಕಾಯಿತು.

ಆಮೇಲೆ ಒಂದು ಕಡೆಯ ಮಾತು ಮಾತ್ರ ಕೇಳುವ ಕಾಟ. ಸಿಪ್ ರಿಂಗ್ ಮಾಡಿಸುತ್ತದೆ, ಆದರೆ ಧ್ವನಿ ಬೇರೆ ಪೋರ್ಟಿನಲ್ಲಿ ಬರುತ್ತದೆ. ರೂಟರ್ ಹಿಂದಿನ ಖಾಸಗಿ ವಿಳಾಸಕ್ಕೆ ಅದು ತಲುಪುತ್ತಿರಲಿಲ್ಲ. ಮೂರೂ ಊರಿನ ಒಳಜಾಲಗಳನ್ನು ಇಂಟರ್ನೆಟ್ ಮೇಲೆ ಗುಟ್ಟಾಗಿ ಜೋಡಿಸುವ ವೈರ್‌ಗಾರ್ಡ್ ಸುರಂಗ ಹಾಕೋಣ ಅಂದರೆ ಮತ್ತೆ ಅದೇ ಕಥೆ, ಮೂರೂ ಕಡೆ ಒಳಜಾಲದ ವಿಳಾಸ ಶುರುವಾಗುವುದು 192.168.1 ಅಂತಲೇ! ಆ ಕೊನೆಯ 1ನ್ನೂ ಊರಿಗೊಂದರಂತೆ 81, 84, 82 ಮಾಡಿದೆ. ಜಿ.711 ಅನ್ನುವ ಧ್ವನಿ ಸಂಕೇತ ಪದ್ಧತಿಯಲ್ಲಿ ಒಂದು ಕರೆಗೆ ಪ್ರತಿ ದಿಕ್ಕಿಗೆ ಸೆಕೆಂಡಿಗೆ ಸುಮಾರು 80 ಕಿಲೋಬಿಟ್ ಬೇಕು, ಸುರಂಗ ಸೇರಿದರೆ 100 ದಾಟುತ್ತದೆ. ಫೈಬರ್‌ಗೆ ಅದೇನೂ ಜಾಸ್ತಿ ಅಲ್ಲ.

ಹೊರಗಿನ ಲೈನುಗಳನ್ನು ಮಾತ್ರ ಈ ಜಾಲಕ್ಕೆ ಸೇರಿಸಲಿಲ್ಲ. ಒಂದು ಊರಿನ ಕರೆಯನ್ನು ಸ್ವಂತ ಇಂಟರ್ನೆಟ್‌ನಲ್ಲಿ ಸಾಗಿಸಿ ಇನ್ನೊಂದು ಊರಿನ ಲೈನಿನಿಂದ ಹೊರಬಿಟ್ಟರೆ ಅದು ಟೋಲ್ ಬೈಪಾಸ್, ಅಂದರೆ ದೂರದ ಕರೆಯ ಶುಲ್ಕ ತಪ್ಪಿಸಿದಂತೆ. ಅದಕ್ಕೆ ಕಾನೂನು ಒಪ್ಪುವುದಿಲ್ಲ.

ಈಗ ಪ್ರತಿ ಫೋನಿನ ಮೇಲೂ ಒಂದು ಚೀಟಿ ಅಂಟಿಸಿದ್ದೇನೆ. ಗೋದಾಮಿನವರು ಚೀಟಿ ನೋಡದೆಯೇ 81201 ಒತ್ತುತ್ತಾರೆ.