ಐದು ಡಾಲರಿನ ಕನ್ನಡಿ, ವಾಲಬಿಯ ಬಾಲ

ಕೊನೆಗೂ ಬಾಲ ಸಿಕ್ಕಿತು. ಆಸ್ಟ್ರೇಲಿಯಾದ ಮೂಲನಿವಾಸಿಗಳು ಬಂಡೆಯ ಮೇಲೆ ಕೆತ್ತಿದ ವಾಲಬಿಯ (ಕಾಂಗರೂ ಜಾತಿಯ ಸಣ್ಣ ಪ್ರಾಣಿ) ಬಾಲ. ಸಿಡ್ನಿಯ ಕುರಿಂಗ್‌ಗೈ ಚೇಸ್ ಕಾಡಿನ ಬೇಸಿನ್ ಟ್ರ್ಯಾಕ್‌ಗೆ ಹೋಗಿ "ಅಲ್ಲೇನಿದೆ, ಬರೀ ಪಾಚಿ ಹಿಡಿದ ಬಂಡೆ" ಅಂತ ಮೂಗು ಮುರಿದಿದ್ದ ಗೆಳೆಯರಿಗೆಲ್ಲ ಫೋಟೊ ಕಳಿಸಿದ್ದೇನೆ. ಅದೂ ಮಟಮಟ ಮಧ್ಯಾಹ್ನ ತೆಗೆದದ್ದು. ಫೋಟೊಶಾಪ್ ಮಾಡಿದ್ದೀರಿ ಅಂತ ಒಬ್ಬರು ಇನ್ನೂ ವಾದ ಮಾಡುತ್ತಿದ್ದಾರೆ, ಮಾಡಲಿ.

ನಾನು ಬಳ್ಳಾರಿಯವನು. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಉದ್ದಕೊಂಬಿನ ಎತ್ತುಗಳನ್ನು ಹುಡುಕುತ್ತಾ ಅಲೆದವನಿಗೆ ಕಲ್ಲಿನ ಚಿತ್ರ ನೋಡುವುದೇನು ಹೊಸದು ಅನ್ನುವ ಗರ್ವ ಇತ್ತು. ಅದೇ ಮುಳುವಾಯಿತು. ಅಲ್ಲಿಯದು ಕರಿಕಲ್ಲು. ಜಜ್ಜಿದ ಕಡೆ ಬಣ್ಣ ತಿಳಿಯಾಗಿ, ಉರಿಬಿಸಿಲಲ್ಲೂ ಎತ್ತು ಗುರುತು ಸಿಗುತ್ತದೆ. ಸಿಡ್ನಿಯದು ಹಾಕ್ಸ್‌ಬರಿ ಮರಳುಗಲ್ಲು. ಮೂಲನಿವಾಸಿಗಳು ಸಾಲಾಗಿ ಗುಳಿ ಹೊಡೆದು, ಆಮೇಲೆ ಉಜ್ಜಿ ಕೂಡಿಸಿದ ಗೆರೆಗಳು. ಈಗ ಗೆರೆಗೂ ಬಂಡೆಗೂ ಒಂದೇ ಬಣ್ಣ. ಉಳಿದಿರುವುದು ಆಳ ಮಾತ್ರ, ಅದೂ ಸವೆದು ಸವೆದು ತೆಳ್ಳಗಾಗಿದೆ. ಬೆಳಕು ಓರೆಯಾಗಿ ಬಿದ್ದು ಗೆರೆಯಲ್ಲಿ ನೆರಳು ಮೂಡಿದರಷ್ಟೇ ಕಣ್ಣಿಗೆ ಬೀಳುತ್ತದೆ.

ಮೊದಲ ಸಲ ಹೋದದ್ದು ಜನವರಿಯಲ್ಲಿ, ಮಧ್ಯಾಹ್ನ ಹನ್ನೆರಡೂವರೆಗೆ. ಆಗ ನಮ್ಮದು ಕಾರಿರಲಿಲ್ಲ. ಬಾಡಿಗೆ ಕಾರಿಗೆ ಎಂಬತ್ತೋ ತೊಂಬತ್ತೋ, ಪಾರ್ಕಿನೊಳಗೆ ಗಾಡಿಗೆ ಹನ್ನೆರಡು ಡಾಲರ್, ಟೋಲು, ಪೆಟ್ರೋಲು, ಮಕ್ಕಳ ಐಸ್‌ಕ್ರೀಮು. ಕಂಡದ್ದು ಹಲ್ಲಿ, ನೊಣ ಮತ್ತು ಮಾಹಿತಿ ಫಲಕ. ಎರಡನೇ ಸಲ ದಿನವಿಡೀ ಮೋಡ. ಮೂರನೇ ಸಲ ಸಂಜೆಬೆಳಕು ಹಿಡಿಯೋಣ ಅಂತ ಹೊರಟರೆ ಟ್ರಾಫಿಕ್ಕಿನಲ್ಲೇ ಹೊತ್ತು ಹೋಗಿ, ಗೇಟು ಮುಚ್ಚುತ್ತಾರೆ ಅಂತ ಅರ್ಧ ದಾರಿಯಿಂದ ಓಡಿಬಂದೆವು. ಅಲ್ಲಿಗೆ ನಾನೂರು ಡಾಲರ್ ದಾಟಿತ್ತು. "ಬಂಡೆ ನೋಡಾಕ ಇಷ್ಟು ರೊಕ್ಕ ಸುರೀಬೇಕೇನ್ರಿ? ನಮ್ಮ ಬಳ್ಳಾರ್ಯಾಗ ಬಂಡೆಗೆ ಬರ ಇತ್ತೇನು?" ಅಂದಳು ನನ್ನಾಕೆ. ಉತ್ತರ ಇರಲಿಲ್ಲ.

ಜೂನ್‌ನಲ್ಲಿ ಒಬ್ಬನೇ ಹೋದೆ. ಇಲ್ಲಿ ಆಗ ಚಳಿಗಾಲ, ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಮೂರೂವರೆಗೆ ಬಂಡೆಯ ಅಂಚಲ್ಲಿ ಕೂತೆ. ನಾಲ್ಕರ ಸುಮಾರಿಗೆ, ಯಾರೋ ಪೆನ್ಸಿಲ್ ಹಿಡಿದು ಬರೆಯುತ್ತಿದ್ದಾರೇನೋ ಅನ್ನುವ ಹಾಗೆ ಮೀನಿನ ಬೆನ್ನು ಮೂಡಿತು. ಆಮೇಲೆ ಮನುಷ್ಯಾಕೃತಿ, ವಾಲಬಿಯ ತಲೆ, ಹೊಟ್ಟೆ. ಬಾಲ ಮಾತ್ರ ಬರಲೇ ಇಲ್ಲ. ಬಾಲ ಇದ್ದದ್ದು ಸೂರ್ಯ ಮುಳುಗುವ ದಿಕ್ಕಿಗೇ. ಬೆಳಕು ಗೆರೆಯ ಉದ್ದಕ್ಕೂ ಹರಿದುಹೋಗುತ್ತಿತ್ತು. ಅಡ್ಡ ಬಿದ್ದರೆ ತಾನೇ ನೆರಳು?

ರಾತ್ರಿ ಟಾರ್ಚ್ ಹಿಡಿಯೋಣ ಅಂದರೆ ಗೇಟಿನ ಕಾಟ. ಹಗಲಲ್ಲೇ ಬಿಸಿಲನ್ನು ಪಕ್ಕದಿಂದ ಹಾಯಿಸಲು ಕನ್ನಡಿ ಒಯ್ಯುತ್ತೇನೆ ಅಂದಾಗ ನಮ್ಮ ವಾಕಿಂಗ್ ಗುಂಪು "ಮೇಕಪ್ಪಿಗಾ?" ಅಂತ ನಕ್ಕಿತು. ಹಳೆ ಸಾಮಾನಿನ ಅಂಗಡಿಯಲ್ಲಿ ಐದು ಡಾಲರಿಗೆ ಬಚ್ಚಲುಮನೆ ಕನ್ನಡಿ ಸಿಕ್ಕಿತು. ಮನೆ ಮುಂದಿನ ಕಾಂಕ್ರೀಟಿನಲ್ಲಿ, ಅದು ಹಸಿಯಿದ್ದಾಗ ಯಾರೋ ಗೀಚಿದ್ದ ಹೆಸರಿನ ಮೇಲೆ ಎರಡು ಶನಿವಾರ ಅಭ್ಯಾಸ ಮಾಡಿದೆ. ಥರ್ಮಾಕೋಲಿಗೆ ಅಲ್ಯುಮಿನಿಯಂ ಹಾಳೆ ಸುತ್ತಿಯೂ ನೋಡಿದೆ, ಬೆಳಕು ಚೆದುರಿ ಹಿಟ್ಟಾಯಿತು. ಕನ್ನಡಿಯೇ ಸರಿ, ನೆಲಕ್ಕೆ ಹತ್ತಿರ ಇಟ್ಟಷ್ಟೂ ಒಳ್ಳೆಯದು.

ಕಾಡಿನಲ್ಲಿ ಮಾತ್ರ ಮೊದಲ ದಿನ ಸೋತೆ. ಮೇಲಿನ ಬಿಸಿಲು ಕನ್ನಡಿಯ ಬೆಳಕನ್ನು ನುಂಗಿಬಿಟ್ಟಿತು. ಮೊದಲು ಆ ಜಾಗಕ್ಕೆ ನೆರಳು ಮಾಡಬೇಕು, ಆಮೇಲೆ ಪಕ್ಕದಿಂದ ಬೆಳಕು ಬಿಡಬೇಕು. ಇಷ್ಟು ಹೊಳೆಯಲು ನನಗೆ ಮತ್ತೊಂದು ಹನ್ನೆರಡು ಡಾಲರ್ ಹಿಡಿಯಿತು. ಕೆತ್ತನೆಯ ಮೇಲೆ ಕಾಲಿಡುವಂತಿಲ್ಲವಲ್ಲ, ಗೋಡೆಗೆ ಬಣ್ಣ ಹೊಡೆಯುವವರ ಉದ್ದ ಕೋಲಿಗೆ ಕರೀ ಕೊಡೆ ಕಟ್ಟಿ ಅಂಚಿನಿಂದಲೇ ಚಾಚಿದೆವು. ಕೋಲು ಹಿಡಿದವನು ಮಗ, ಕೂಲಿ ಒಂದು ಬರ್ಗರ್. ಹತ್ತು ಹನ್ನೆರಡು ಅಡಿ ದೂರದಿಂದ ಕನ್ನಡಿ ಓರೆ ಮಾಡಿದ್ದೇ ತಡ, ಬಾಲ ಬುಡದಿಂದ ತುದಿಯವರೆಗೆ! ಗೆರೆಯ ತಳದಲ್ಲಿ ಹಳೆಯ ಗುಳಿಗಳ ಸಾಲೂ ಕಂಡಿತು. ವಾಪಸ್ ಬರುವಾಗ ಬ್ಯಾಗಿನಲ್ಲಿ ಕನ್ನಡಿ ಒಡೆಯಿತು. ಈಗ ಪ್ಲೈವುಡ್ಡಿಗೆ ಅಂಟಿಸಿದ ಅಕ್ರಿಲಿಕ್, ಮೂವತ್ತು ಡಾಲರ್ ಆಗಿರಬೇಕು. ಅದರ ಅಂಚಿಗೆ ಇನ್ನೊಂದು ವಸ್ತು ಅಂಟಿಸಿದ್ದೇನೆ. ಅದೇನೆಂದು ಹೇಳುವುದಿಲ್ಲ.

ಬೇರೆ ಸರ್ಕಸ್ಸೂ ಮಾಡಿದ್ದೇನೆ. ಫೋಟೊದಲ್ಲಿ ಮಾಸಿದ ಬಣ್ಣ ಎದ್ದು ಕಾಣಿಸುವ ಡಿಸ್ಟ್ರೆಚ್ ಸಾಫ್ಟ್‌ವೇರ್ ಹಾಕಿದರೆ ಬಂಡೆಯೆಲ್ಲ ನೇರಳೆ ಆಯಿತು. ಅದು ಬಣ್ಣದ ಚಿತ್ರಕ್ಕೆ ಸರಿ, ಕೆತ್ತನೆಗಲ್ಲ. ಮಳೆ ನಿಂತ ಮೇಲೆ ಹೋದರೆ ಬಂಡೆ ಒಣಗಿ ಗೆರೆಯಲ್ಲಿ ಮಾತ್ರ ನೀರು ಉಳಿದಿರುವ ಇಪ್ಪತ್ತು ನಿಮಿಷ ಸಿಗುತ್ತದೆ, ಕನ್ನಡಿಯೇ ಬೇಡ. ಸೀಮೆಸುಣ್ಣದಲ್ಲಿ ತಿದ್ದಿ ಅಂದವರೊಬ್ಬರಿದ್ದಾರೆ. ಅವರನ್ನು ಮತ್ತೆ ಕರೆದುಕೊಂಡು ಹೋಗಿಲ್ಲ.

ಸಿಡ್ನಿಯ ಉತ್ತರಕ್ಕಿರುವ ಕರಿಯಾಂಗ್‌ನ "ಈಜಿಪ್ಟ್ ಲಿಪಿ"ಗೂ ಕನ್ನಡಿ ತನ್ನಿ ಅಂತ ಕೇಳುತ್ತಾರೆ. ಎರಡು ಬಂಡೆಗೋಡೆಗಳ ನಡುವೆ ಸುಮಾರು 300 ಚಿತ್ರಾಕ್ಷರಗಳಿವೆ, ಬರಿಗಣ್ಣಿಗೇ ನಿಚ್ಚಳ. ಮೆಕ್ವಾರಿ ವಿಶ್ವವಿದ್ಯಾಲಯದ ಈಜಿಪ್ಟ್ ತಜ್ಞರು ನಕಲಿ ಅಂದಿದ್ದಾರೆ, ನೋಡಿದರೆ ನನಗೂ ಹಾಗೇ ಅನಿಸಿತು. ಅದಕ್ಕೆ ಮುಗಿಬೀಳುವವರು ಅದೇ ಕರಿಯಾಂಗ್‌ನ ವೊಯ್ ವೊಯ್ ರಸ್ತೆಯಲ್ಲಿರುವ ಬುಲ್ಗಾಂಡ್ರಿಯ ಅಸಲಿ ಕೆತ್ತನೆಗಳ ಮುಂದೆ ಕಾರು ನಿಲ್ಲಿಸುವುದೇ ಇಲ್ಲ.

ಫಲಕವಿಲ್ಲದ ಬಂಡೆಗಳೂ ಎರಡು ಸಿಕ್ಕಿವೆ. ದಾರಿ ಕೇಳಬೇಡಿ. ಅದರಲ್ಲೊಂದರ ಮೇಲೆ ತೋಳುದ್ದದ ಗೆರೆಯೊಂದಿದೆ. ಬೆಳಿಗ್ಗೆ ನೋಡಿದರೆ ಈಲ್ ಮೀನು, ಸಂಜೆ ನೋಡಿದರೆ ಬರೀ ಬಿರುಕು. ಮುಂದಿನ ಜೂನ್‌ಗೆ ಎರಡು ಕನ್ನಡಿ ಒಯ್ಯುತ್ತೇನೆ.