‘ಕೈಕೊಟ್ಟ’ ಅಂದರೆ ‘ಗೇವ್ ಎ ಹ್ಯಾಂಡ್’ ಅಲ್ಲ: ಫ್ರೇಸಲ್ ವರ್ಬ್ ಕಲಿಯುವ ಬಗೆ

‘ಅವನು ನನಗೆ ಕೈಕೊಟ್ಟ’ ಎಂಬುದನ್ನು ಪದಕ್ಕೆ ಪದವಿಟ್ಟು ‘ಹಿ ಗೇವ್ ಮಿ ಎ ಹ್ಯಾಂಡ್’ ಎಂದು ಬರೆದರೆ, ಓದಿದವರು ಅವನು ನೆರವಾದ ಎಂದೇ ತಿಳಿಯುತ್ತಾರೆ. ಅರ್ಥ ಪೂರಾ ತಲೆಕೆಳಗು. ಕೈಕೊಡುವುದಕ್ಕೆ ಇಂಗ್ಲಿಷಿನವರು ‘ಲೆಟ್ ಡೌನ್’ ಎನ್ನುತ್ತಾರೆ: ‘ಹಿ ಲೆಟ್ ಮಿ ಡೌನ್’. ಹೀಗೆ ಕ್ರಿಯಾಪದಕ್ಕೆ ‘ಡೌನ್’, ‘ಅಪ್’, ‘ಆಫ್’ನಂಥ ಚಿಕ್ಕ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿಯೇ ಫ್ರೇಸಲ್ ವರ್ಬ್.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಕಡೆ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಎಸ್‌ಎಸ್‌ಎಲ್‌ಸಿ ಹತ್ತಿರವಾದಂತೆ ಫ್ರೇಸಲ್ ವರ್ಬ್‌ಗಳ ಪಟ್ಟಿ ಹಿಡಿದು ಬಾಯಿಪಾಠಕ್ಕೆ ಕೂರುತ್ತಾರೆ. ಅದು ವಾರದೊಳಗೆ ಮರೆತುಹೋಗುತ್ತದೆ. ಈ ‘ಮರೆತುಹೋಗು’ವಿನಲ್ಲೇ ಒಂದು ಸುಳಿವಿದೆ. ಅಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ‘ತಿಂದುಹಾಕಿದ’ ಎಂಬಲ್ಲಿ ಏನನ್ನೂ ಹಾಕುವುದಿಲ್ಲ, ಪೂರ್ತಿ ಮುಗಿಸಿದ ಎಂದಷ್ಟೇ ಅರ್ಥ. ‘ಈಟ್ ಅಪ್’, ‘ಯೂಸ್ ಅಪ್’ಗಳ ‘ಅಪ್’ ಮಾಡುವುದೂ ಇದೇ ಕೆಲಸವನ್ನು. ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಬೇಸಗೆಯಲ್ಲಿ ಬತ್ತಿಹೋದರೆ ‘ದ ವಾಟರ್ ಡ್ರೈಡ್ ಅಪ್’.

ಆದ್ದರಿಂದ ಪಟ್ಟಿಯನ್ನು ಅಕ್ಷರಮಾಲೆಯ ಕ್ರಮದಲ್ಲಿ ಕಲಿಯಬೇಡಿ. ‘ಅಪ್’ಗೆ ಒಂದು ಪುಟ, ‘ಆಫ್’ಗೆ ಒಂದು, ‘ಔಟ್’ಗೆ ಒಂದು ಇಡಿ. ಬರೀ ಪದ ಬೇಡ, ಊರಿನ ಸಂಗತಿ ಸೇರಿದ ಇಡೀ ವಾಕ್ಯ ಬರೆಯಿರಿ. ಮಳೆಯಿಂದ ಬಯಲಾಟ ಮುಂದಿನ ಶನಿವಾರಕ್ಕೆ ಹೋದರೆ ‘ಪುಟ್ ಆಫ್’, ರದ್ದೇ ಆದರೆ ‘ಕಾಲ್ಡ್ ಆಫ್’. ಇವೆರಡನ್ನು ಅದಲುಬದಲು ಮಾಡುವವರು ಬಹಳ. ಎಲ್ಲ ‘ಅಪ್’ಗಳೂ ಒಂದೇ ಅರ್ಥಕ್ಕೆ ಬಗ್ಗುವುದಿಲ್ಲ ಎನ್ನುವುದೂ ನೆನಪಿರಲಿ: ‘ಗಿವ್ ಅಪ್’ ಎಂದರೆ ಬಿಟ್ಟುಬಿಡು, ‘ಬ್ರಿಂಗ್ ಅಪ್’ ಎಂದರೆ ಸಾಕಿ ಬೆಳೆಸು.

ಹೆಚ್ಚಿನ ತಪ್ಪು ಆಗುವುದು ಪದಗಳ ಜಾಗದಲ್ಲಿ. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ‘ಮೀಟಿಂಗ್’ ಬದಲು ‘ಇಟ್’ ಬಂತೋ, ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ತಪ್ಪು. ಆದರೆ ‘ಲುಕ್ ಆಫ್ಟರ್’ (ನೋಡಿಕೊಳ್ಳು), ‘ಲುಕ್ ಫಾರ್’ (ಹುಡುಕು) ಬಿಡಿಸಲು ಬಾರದ ಜೋಡಿಗಳು. ಅಲ್ಲಿ ‘ಲುಕ್ ಆಫ್ಟರ್ ಇಟ್’ ಎಂದೇ ಆಗಬೇಕು. ಯಾವುದು ಬಿಡಿಸಬಹುದಾದ್ದು ಎಂಬ ಅನುಮಾನ ಬಂದರೆ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟು ತೆರೆಯಿರಿ. ಅಂಥ ಹಲವು ನಿಘಂಟುಗಳಲ್ಲಿ ಬಿಡಿಸಬಹುದಾದ ಜೋಡಿಯ ನಡುವೆ ಎರಡೂ ಕಡೆ ಮೊನೆಯಿರುವ ಬಾಣದ ಗುರುತು ಇರುತ್ತದೆ. ‘ಲುಕ್ ಫಾರ್ವರ್ಡ್ ಟು’ (ಎದುರುನೋಡು) ಬಂದಾಗ ಇನ್ನೂ ಒಂದು ಎಚ್ಚರ: ಮುಂದೆ ಬರುವ ಕ್ರಿಯಾಪದಕ್ಕೆ ‘ಇಂಗ್’ ಸೇರಬೇಕು, ‘ಮೀಟ್’ ಅಲ್ಲ, ‘ಮೀಟಿಂಗ್’.

ಪರೀಕ್ಷೆಯಲ್ಲಿ ಗೆರೆ ಎಳೆದ ಪದದ ಬದಲು ಫ್ರೇಸಲ್ ವರ್ಬ್ ಹಾಕಲು ಕೇಳಿದರೆ ಮೊದಲು ಆ ಪದದ ಕಾಲ ನೋಡಿ. ‘ರಿಸೆಂಬಲ್ಸ್’ (ಹೋಲುತ್ತಾನೆ) ಇದ್ದರೆ ‘ಟೇಕ್ ಆಫ್ಟರ್’ ಸಾಲದು, ‘ಟೇಕ್ಸ್ ಆಫ್ಟರ್’. ‘ಟಾಲರೇಟೆಡ್’ಗೆ (ಸಹಿಸಿಕೊಂಡ) ‘ಪುಟ್ ಅಪ್ ವಿತ್’. ಭೂತಕಾಲದಲ್ಲೂ ‘ಪುಟ್’ ಬದಲಾಗದು. ‘ಲೈಟ್ ಆಫ್ ಮಾಡು’ ಎನ್ನುವ ನಮ್ಮ ರೂಢಿಯಿಂದ ‘ಆಫ್ ದ ಲೈಟ್’ ಹುಟ್ಟುತ್ತದೆ. ಸರಿಯಾದದ್ದು ‘ಟರ್ನ್ ಆಫ್ ದ ಲೈಟ್’. ‘ಕೋಪ್ ಅಪ್ ವಿತ್’ ಎಂಬುದು ಇಲ್ಲ, ‘ಕೋಪ್ ವಿತ್’ (ನಿಭಾಯಿಸು) ಅಷ್ಟೇ.

ನುಡಿಗಟ್ಟುಗಳಿಗೆ ಕನ್ನಡದ ಜೊತೆಗಾರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ‘ಟೇಕ್ ಟು ಒನ್ಸ್ ಹೀಲ್ಸ್’ ಎಂದರೆ ಕಾಲಿಗೆ ಬುದ್ಧಿ ಹೇಳುವುದು. ‘ಆಡ್ ಫ್ಯೂಯೆಲ್ ಟು ದ ಫೈರ್’ ನಮ್ಮಲ್ಲಿ ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು. ತುಪ್ಪ ಎಂದು ಅಲ್ಲಿ ‘ಘೀ’ ಹಾಕಲು ಮಾತ್ರ ಹೋಗಬೇಡಿ. ಧಾಟಿಯನ್ನೂ ಹೊಂದಿಸಿಕೊಳ್ಳಿ. ‘ಕಿಕ್ಡ್ ದ ಬಕೆಟ್’ ನಮ್ಮ ‘ಗೊಟಕ್ ಅಂದ’ ಇದ್ದಂತೆ, ಸಂತಾಪ ಪತ್ರಕ್ಕೆ ಸಲ್ಲದು. ಅಲ್ಲಿಗೆ ‘ತೀರಿಕೊಂಡರು’ ಎಂಬಂಥ ‘ಪಾಸ್ಡ್ ಅವೇ’ ಬೇಕು. ಆಟಿ ತಿಂಗಳ ಜಡಿಮಳೆಗೆ ನಾಯಿ ಬೆಕ್ಕುಗಳನ್ನು ಕರೆಯುವ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎಂಬ ಹಳೆಯ ಮಾತಿಗಿಂತ ‘ಇಟ್ಸ್ ಪೋರಿಂಗ್’ ಸಹಜ.

ಮಾತಾಡುವಾಗ ‘ಟರ್ನ್ ಇಟ್ ಆಫ್’ನಲ್ಲಿ ಒತ್ತು ‘ಆಫ್’ ಮೇಲೆ. ಬಸ್ಸು ಕೆಟ್ಟು ನಿಂತಿತು ಎನ್ನಲು ‘ಬ್ರೋಕ್ ಡೌನ್’, ಒತ್ತು ‘ಡೌನ್’ಗೆ. ಕೆಟ್ಟು ನಿಂತದ್ದಕ್ಕೆ ಹೆಸರಾಗಿ ‘ಬ್ರೇಕ್‌ಡೌನ್’ ಎನ್ನುವಾಗ ಒಂದೇ ಪದವಾಗಿ ಬರೆದು, ಒತ್ತನ್ನು ‘ಬ್ರೇಕ್’ಗೆ ಕೊಡಿ.