ರಾಜನ ಕೈಗುಣವನ್ನು ರೋಗಿಯ ಮಂಚದಿಂದ ಓದಿಸಿದ್ದು

ರಾಜನ ಕೈ ತಾಗಿದರೆ ರೋಗ ವಾಸಿ ಅನ್ನೋ ಒಂದೇ ಎಳೆ ಹಿಡಿದು ಇಡೀ ಸಂಜೆ ಚರ್ಚೆ ನಡೆಸುವುದು ಆಗದ ಮಾತು ಅಂತ ನಮ್ಮ ಬಳಗದ ಹಿರಿಯರೇ ಹೇಳಿದ್ದರು. ಅವರೇ ಈಗ ಮುಂದಿನ ಸಾಲಿನಲ್ಲಿ ಕೂತು, ಸಮಯ ಮುಗಿಯಿತು ಎಂದರೂ ಎದ್ದೇಳುವುದಿಲ್ಲ. ಹಾಗಾಗಿ ಹೇಗೆ ಮಾಡಿದೆ ಅಂತ ಬರೆದಿಡುತ್ತಿದ್ದೇನೆ. ಫ್ಯಾಂಟಸಿ ಓದುಕೂಟ ನಡೆಸುವವರಿಗೆ ಇದು ಉಪಯೋಗಕ್ಕೆ ಬರಬಹುದು. ಗೊತ್ತಿಲ್ಲದವರಿಗೆ ಇಷ್ಟು ಸಾಕು: ನಾವು ಓದಿದ್ದು ಟೋಲ್ಕಿನ್‌ರ ಫ್ಯಾಂಟಸಿ ಕಾದಂಬರಿ ಲಾರ್ಡ್ ಆಫ್ ದಿ ರಿಂಗ್ಸ್. ಅರಗಾರ್ನ್ ಅದರಲ್ಲಿ ಗೊಂಡಾರ್ ಎಂಬ ನಾಡಿಗೆ ಮರಳಿ ಬರುವ ರಾಜ, ಅತೆಲಾಸ್ ಅವನು ರೋಗಿಗಳಿಗೆ ಬಳಸುವ ಸೊಪ್ಪು.

ನನ್ನ ಕೆಲಸ ಮಂಡ್ಯದಲ್ಲಿ, ಔಷಧಿ ಅಂಗಡಿಯಲ್ಲಿ. ಓದುಕೂಟ ಮೈಸೂರಿನ ಸರಸ್ವತಿಪುರಂ ಕಡೆ, ಭಾನುವಾರ ಸಂಜೆ. ಲಾರ್ಡ್ ಆಫ್ ದಿ ರಿಂಗ್ಸ್‌ನ ಮೂರನೇ ಭಾಗದಲ್ಲಿ ಯುದ್ಧದಲ್ಲಿ ಬಿದ್ದವರನ್ನು ಅರಗಾರ್ನ್ ಮುಟ್ಟಿ ಎಬ್ಬಿಸುವ, ಗೊಂಡಾರಿನ ಆಸ್ಪತ್ರೆಯ ಅಧ್ಯಾಯ ಇದೆಯಲ್ಲ, ಅದೇ ನನಗೆ ಮೊದಲಿನಿಂದ ಕಗ್ಗಂಟು. ಎಲ್ಲರೂ ಯುದ್ಧದ ಅಧ್ಯಾಯ ಓದಿ ಕುಣಿಯುತ್ತಾರೆ, ಇದನ್ನು ದಾಟಿಸಿಬಿಡುತ್ತಾರೆ.

ಮೊದಲು ಸಂಕೇತದ ದಾರಿ ಹಿಡಿದೆ. ರಾಜ ಎಂದರೆ ನಾಡು, ರೋಗ ಎಂದರೆ ಅರಾಜಕತೆ, ಸೊಪ್ಪು ಎಂದರೆ ಮರೆತುಹೋದ ಪರಂಪರೆ. ಎಲ್ಲರೂ ತಲೆ ಆಡಿಸಿದರು. ಹತ್ತು ನಿಮಿಷದಲ್ಲಿ ಮಾತು ಮುಗಿಯಿತು. ಉಳಿದ ಹೊತ್ತು ಕಾಫಿ. ಆಮೇಲೆ ಅಹಲ್ಯೆ ಮತ್ತು ರಾಮನ ಪಾದ ಪಕ್ಕದಲ್ಲಿಟ್ಟು ನೋಡೋಣ ಅಂದೆ. ಅದು ಬೇರೆಯೇ ಜಗಳಕ್ಕೆ ತಿರುಗಿತು, ಇಬ್ಬರು ಎದ್ದು ಹೋದರು. ಪ್ರೊಜೆಕ್ಟರ್ ಬಾಡಿಗೆ ತಂದು ಚಿತ್ರ ತೋರಿಸಿದ ದಿನ ಕರೆಂಟ್ ಹೋಯಿತು. ಬಾಡಿಗೆಯವನು ಪೂರ್ತಿ ದುಡ್ಡು ತೆಗೆದುಕೊಂಡ. ಹಾಲ್ ಬಾಡಿಗೆ ಒಂದು ಸಂಜೆಗೆ ಸುಮಾರು ಒಂದೂವರೆ ಸಾವಿರ, ಜೆರಾಕ್ಸ್, ಟೀ, ಬಿಸ್ಕತ್ತು ಎಲ್ಲ ಸೇರಿ ಆ ಹೊತ್ತಿಗೆ ಎಂಟೊಂಬತ್ತು ಸಾವಿರ ಕೈಬಿಟ್ಟಿತ್ತು. ಮನೆಯಲ್ಲಿ ಲೆಕ್ಕ ಕಡಿಮೆ ಹೇಳಿದ್ದೆ.

ಕೊನೆಗೆ ರಾಜನನ್ನೇ ಬದಿಗಿಟ್ಟೆ. ಒಬ್ಬೊಬ್ಬರಿಗೆ ಒಬ್ಬೊಬ್ಬ ರೋಗಿಯನ್ನು ಹಂಚಿದೆ. ನೀವು ಗೊಂಡಾರ್ ಆಳುವವನ ಮಗ ಫರಾಮಿರ್, ನೀವು ಯುದ್ಧಕ್ಕಿಳಿದ ರಾಜಮನೆತನದ ಹೆಣ್ಣು ಎಯೋವಿನ್, ನೀವು ಅವಳ ಜೊತೆ ಹೋರಾಡಿದ ಮೆರ್ರಿ. ಮಂಚದ ಸುತ್ತ ನಿಂತವರನ್ನೂ ಹಂಚಿದೆ: ಮುದುಕಿ ಐಯೊರೆತ್, ಸೊಪ್ಪಿನ ಪಂಡಿತ, ಹುಡುಗ ಬೆರ್ಗಿಲ್. ಹಾಳೆಯಲ್ಲಿ ನಾಲ್ಕೇ ಪ್ರಶ್ನೆ. ರಾಜ ಬರುವ ಮೊದಲು ನನ್ನನ್ನು ಯಾರು ನೋಡಿಕೊಂಡರು? ಔಷಧಿ ಯಾರ ಕೈಯಿಂದ ಬಂತು? ಎದ್ದ ಮೇಲೆ ನಾನು ಯಾರಿಗೆ ಋಣಿ? ಯಾವುದು ವಾಸಿಯಾಗಲಿಲ್ಲ? ಅಂಗಡಿಯ ಕೌಂಟರ್ ಹಿಂದೆ ನಿಂತವನಿಗೆ ಇಂಥ ಪ್ರಶ್ನೆ ತಾನಾಗೇ ಬರುತ್ತವೆ ಬಿಡಿ.

ಅವತ್ತು ಕೂಟ ಹತ್ತಿ ಉರಿಯಿತು. ಫರಾಮಿರ್ ಪಾಲಿಗೆ ಬಂದವರು ಮೊದಲು ಹಿಡಿದದ್ದು ಇದು: ಅರಗಾರ್ನ್ ಇನ್ನೂ ಪಟ್ಟಕ್ಕೇರಿಲ್ಲ. ಜಗಳ ಬೇಡ ಅಂತ ಬಾವುಟ ಸುತ್ತಿಟ್ಟು, ಡೇರೆ ಊರ ಹೊರಗೆ ಹಾಕಿಸಿ, ಗುರುತು ಸಿಗದಂತೆ ಮೈಮೇಲೆ ಬಟ್ಟೆ ಹೊದ್ದು ಒಳಗೆ ಬಂದವನು. ಅತ್ತ, ರಾಜನಿಲ್ಲದ ಗೊಂಡಾರನ್ನು ಆಳುತ್ತಿದ್ದ ಡೆನೆಥಾರ್ ಚಿತೆಯಲ್ಲಿ ಸತ್ತಿದ್ದಾನೆ. ಮಂಚದ ಮೇಲಿರುವವನು ಅವನ ಮಗ, ಅಂದರೆ ಆಳುವ ಮನೆಯ ವಾರಸುದಾರ. ಕಣ್ಣು ಬಿಟ್ಟವನು ಏನು ಕೇಳುತ್ತಾನೆ? ರಾಜನ ಅಪ್ಪಣೆ ಏನು ಅಂತ. ಸಿಂಹಾಸನದ ಅರ್ಧ ವ್ಯಾಜ್ಯ ಆ ಮಂಚದ ಮೇಲೇ ಮುಗಿದುಹೋಯಿತು! ಕಿರೀಟ ಆಮೇಲೆ ಬಂದದ್ದು.

ಎಯೋವಿನ್ ಹಾಳೆ ಹಿಡಿದವರು ನಿವೃತ್ತ ನರ್ಸ್. ದೇಹ ಎಬ್ಬಿಸಬಲ್ಲೆ, ಎದ್ದ ಮೇಲೆ ಅವಳಿಗೆ ಹತಾಶೆಯೇ ಕಂಡರೆ ನನ್ನ ಕೈಯಲ್ಲಿ ಮದ್ದಿಲ್ಲ ಅಂತ ಅರಗಾರ್ನ್ ತಾನೇ ಒಪ್ಪಿಕೊಳ್ಳುತ್ತಾನೆ, ನೋಡಿ ಅಂದರು. ಆ ಉಳಿದ ಮದ್ದು ಸಿಗುವುದು ಅದೇ ಆಸ್ಪತ್ರೆಯ ತೋಟದಲ್ಲಿ, ಇನ್ನೊಬ್ಬ ರೋಗಿ ಫರಾಮಿರ್‌ನಿಂದ. ಪಕ್ಕದ ಬೆಡ್ಡಿನವರು ಮಾಡುವ ಉಪಕಾರ ಡಾಕ್ಟರ್ ಲೆಕ್ಕಕ್ಕೆ ಬರುವುದಿಲ್ಲ ಅಂತ ಅವರು ಅಂದಾಗ ಯಾರೂ ಎದುರಾಡಲಿಲ್ಲ.

ಪಂಡಿತನ ಪಾಲಿನವರು ಪಾಪ, ಪೆಚ್ಚಾದರು. ಅವನಿಗೆ ಸೊಪ್ಪಿನ ಎಲ್ಲ ಹೆಸರೂ ಗೊತ್ತು, ಹಳೆಯ ಪದ್ಯವೂ ಬಾಯಿಪಾಠ. ಸೊಪ್ಪು ಮಾತ್ರ ಇಲ್ಲ. ಊರೆಲ್ಲ ಓಡಿ, ಬಟ್ಟೆಯಲ್ಲಿ ಸುತ್ತಿ ಆರು ಎಲೆ ತಂದವನು ಬೆರ್ಗಿಲ್. ಅದೂ ಬಾಡಿದ್ದು.

ಇದೆಲ್ಲ ಕಟ್ಟುಕಥೆ ತಾನೇ ಅಂದವರಿಗೆ ಇತಿಹಾಸದ ಹಾಳೆ ಇಟ್ಟಿದ್ದೆ. ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಕುತ್ತಿಗೆ ಗಂಟಿನ ರೋಗಿಗಳನ್ನು ಮುಟ್ಟಿದ್ದು 90 ಸಾವಿರಕ್ಕೂ ಜಾಸ್ತಿ. ಅವನ ಅಪ್ಪನ ತಲೆಯನ್ನು 1649ರಲ್ಲಿ ಕಡಿದಿದ್ದರು. ದೇಶ ಬಿಟ್ಟು ಅಲೆದು, ಮಗ 1660ರಲ್ಲಿ ವಾಪಸ್ ಬಂದ. ಅಂಥವನಿಗೆ ತಾನು ನಿಜವಾದ ರಾಜ ಅಂತ ತೋರಿಸುವುದು ಎಷ್ಟು ಅವಸರ ಯೋಚಿಸಿ. ರೋಗಿಗೆ ರಾಜ ಬೇಕಾಗಿದ್ದಕ್ಕಿಂತ ರಾಜನಿಗೆ ರೋಗಿ ಜಾಸ್ತಿ ಬೇಕಾಗಿತ್ತು. ನನ್ನ ಪೂರ್ತಿ ವಾದ ಇಷ್ಟೇ, ಅರಗಾರ್ನ್‌ಗೂ ಇದೇ ಹೇಳುತ್ತೇನೆ. ಮುಟ್ಟಿಸಿಕೊಂಡವರ ಕುತ್ತಿಗೆಗೆ ಚಿನ್ನದ ನಾಣ್ಯ ಕಟ್ಟುತ್ತಿದ್ದರು. ಅದರ ಆಸೆಗೆ ಎರಡನೇ ಸಲ ಬರುವವರಿದ್ದರು. ಹಾಗಾಗಿ ಹಿಂದೆ ಮುಟ್ಟಿಸಿಕೊಂಡಿಲ್ಲ ಅಂತ ಪಾದ್ರಿಯಿಂದ ಸರ್ಟಿಫಿಕೇಟ್ ತರಬೇಕಿತ್ತು. ಆ ಗಂಟು ಎಷ್ಟೋ ಸಲ ತಾನಾಗೇ ಇಳಿಯುತ್ತದೆ, ಕೀರ್ತಿ ರಾಜನಿಗೆ. ಇಳಿಯದವರೂ ಇದ್ದರು. ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್‌ನನ್ನು ಮಗುವಾಗಿದ್ದಾಗ, 1712ರಲ್ಲಿ, ಆನ್ ರಾಣಿ ಮುಟ್ಟಿದ್ದಳು. ರೋಗ ಹೋಗಲಿಲ್ಲ, ಆ ನಾಣ್ಯ ಮಾತ್ರ ಕೊನೆಯವರೆಗೆ ಅವನ ಹತ್ತಿರ ಇತ್ತು.

ಇಲ್ಲಿ ಒಂದು ಅಡ್ಡ ಪ್ರಯೋಗ ಮಾಡಿದೆ. ಎಲ್ಲರಿಗೂ ಸುಮ್ನೆ ತಲೆ ಮುಟ್ಟಿ, ವಾಸಿಯಾಯ್ತು ಅಂದವರಿಗೆ ಹತ್ತು ರೂಪಾಯಿ ನಾಣ್ಯ ಅಂದೆ. ಒಂದು ನಿಮಿಷದಲ್ಲಿ ಇಡೀ ಕೋಣೆ ಗುಣಮುಖ. ಇನ್ನೂರು ಮುನ್ನೂರು ರೂಪಾಯಿ ಹೋಯಿತು, ಯಾರೂ ವಾಪಸ್ ಕೊಡಲಿಲ್ಲ. ಇನ್ನೊಂದು ಪ್ರಯೋಗ ಸೊಪ್ಪಿನದು. ಕಾದಂಬರಿಯಲ್ಲಿ ಅತೆಲಾಸ್ ವಾಸನೆ ಒಬ್ಬೊಬ್ಬ ರೋಗಿಯ ಬಳಿ ಒಂದೊಂದು ಥರ. ದೇವರಾಜ ಮಾರ್ಕೆಟ್ಟಿನಿಂದ ತುಳಸಿ, ಮಾಚಿಪತ್ರೆ, ಯಾರದೋ ಕುಂಡದಿಂದ ದೊಡ್ಡಪತ್ರೆ ತಂದು ಬಿಸಿನೀರಿಗೆ ಹಿಸುಕಿ ಹಾಕಿದೆ. ಏನು ನೆನಪಾಯಿತು ಬರೆಯಿರಿ ಅಂದೆ. ಮುಕ್ಕಾಲು ಪಾಲು ಜನ ನೆಗಡಿಗೆ ಅಜ್ಜಿ ಹಾಕಿದ ಹಬೆ ಅಂತ ಬರೆದರು. ಹಾಲ್‌ನವರು ನೆಲ ಒದ್ದೆ ಅಂತ ಬೈದರು. ಸಾಹಿತ್ಯಕ್ಕೆ ಏನು ಸಿಕ್ಕಿತೋ, ಕೂಟಕ್ಕೆ ಮೂರ್ನಾಲ್ಕು ಹೊಸ ಸದಸ್ಯರು ಸಿಕ್ಕರು.

ಮೈಸೂರಿನಲ್ಲಿ ಕೂತು ರಾಜ ಮತ್ತು ರೋಗ ಅಂದರೆ ಅಲಮೇಲಮ್ಮ ಬಂದೇ ಬರುತ್ತಾಳೆ. ಅವಳ ಶಾಪ ಗೊತ್ತಲ್ಲ: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದದ್ದು 1610ರಲ್ಲಿ, ಶಾಪದ ಕಥೆ ಆ ಕಾಲದ್ದು. ಕಾದಂಬರಿಯಲ್ಲಿ ರಾಜ ಊರಿನ ಗಾಯ ಮಾಯಿಸುತ್ತಾನೆ, ಇಲ್ಲಿ ಅರಮನೆಯೇ ರೋಗಿ. ಒಬ್ಬ ಹುಡುಗ ಕೆಆರ್‌ಎಸ್ ರಸ್ತೆಯ ಕ್ಷಯರೋಗ ಆಸ್ಪತ್ರೆ ನೆನಪಿಸಿದ. ಅದಕ್ಕಿರುವುದು ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕತಂಗಿಯರಲ್ಲಿ ಒಬ್ಬರಾದ ಕೃಷ್ಣಾಜಮ್ಮಣ್ಣಿಯವರ ಹೆಸರು. ಅವರು ತೀರಿಕೊಂಡದ್ದು ಕ್ಷಯದಿಂದ. ಚಾರ್ಲ್ಸ್ ಮುಟ್ಟುತ್ತಿದ್ದ ಕುತ್ತಿಗೆ ಗಂಟೂ ಹೆಚ್ಚಿನಂಶ ಕ್ಷಯವೇ. ಒಂದೇ ರೋಗ, ಒಂದು ಅರಮನೆ ನಾಣ್ಯ ಕಟ್ಟಿತು, ಇನ್ನೊಂದರ ಕಡೆಯಿಂದ ಆಸ್ಪತ್ರೆ ಬಂತು. ಈ ಹಾಳೆ ನಾನು ತಯಾರು ಮಾಡಿದ್ದಲ್ಲ, ಆದರೂ ಈಗ ನನ್ನ ಕಟ್ಟಿನಲ್ಲಿದೆ.

ಹಾಳೆಗಳನ್ನು ಯಾವ ಕ್ರಮದಲ್ಲಿ ಹಂಚುತ್ತೇನೆ, ಖಾಲಿ ಹಾಳೆ ಯಾರ ಕೈಗೆ ಕೊಡುತ್ತೇನೆ, ಅದು ಮಾತ್ರ ಹೇಳಲ್ಲ. ಚರ್ಚೆ ಹೊತ್ತಿಕೊಳ್ಳುವುದೇ ಅದರಿಂದ.

ಈಗ ತಲೆಗೆ ನೂರು ರೂಪಾಯಿ ತೆಗೆದುಕೊಳ್ಳುತ್ತೇನೆ, ಹೆಚ್ಚೂಕಡಿಮೆ ಸರಿದೂಗುತ್ತದೆ. ಮಂಡ್ಯದಲ್ಲೂ ಒಮ್ಮೆ ಬರೀ ಕನ್ನಡದಲ್ಲಿ ಕಥೆ ಹೇಳಿ ಮಾಡಿದೆ. ಅಲ್ಲಿ ಕಬ್ಬು ಬೆಳೆಯುವವರೊಬ್ಬರು, ರಾಜ ಬಂದ ಮೇಲೆ ಆ ಸೊಪ್ಪಿನ ರೇಟು ಎಷ್ಟಾಯ್ತು ಅಂತ ಕೇಳಿದರು. ಮೈಸೂರಿನ ಯಾವ ಪಂಡಿತರಿಗೂ ಹೊಳೆದಿರಲಿಲ್ಲ. ಐದನೇ ಪ್ರಶ್ನೆಯಾಗಿ ಸೇರಿಸಿದ್ದೇನೆ.

ಮುಂದಿನದು ಉರ್ಸುಲಾ ಲೆ ಗ್ವಿನ್‌ರ ಫ್ಯಾಂಟಸಿ ಅರ್ಥ್‌ಸೀ. ಅಲ್ಲಿ ಮಾಂತ್ರಿಕ ಗೆಡ್ ಸಾಯುತ್ತಿರುವ ಮಗುವಿನ ಹಿಂದೆ ಸಾವಿನ ನಾಡಿನವರೆಗೆ ಹೋಗಿ, ಬರಿಗೈಲಿ, ಅರೆಜೀವವಾಗಿ ಮರಳುತ್ತಾನೆ. ಅವನು ರಾಜನೂ ಅಲ್ಲ. ಮಂಚ ಆ ಮಗುವಿನದು, ಪಕ್ಕದಲ್ಲಿ ಅದರ ಅಪ್ಪ. ಆ ಅಪ್ಪನ ಹಾಳೆಗೆ ಈಗಲೇ ಮೂವರು ಹೆಸರು ಕೊಟ್ಟಿದ್ದಾರೆ. ಜೆರಾಕ್ಸ್ ಅಂಗಡಿಯವನು ಪುಟಕ್ಕೆ ಎರಡು ರೂಪಾಯಿ ಅಂತಿದ್ದಾನೆ, ಇಳಿಸುತ್ತಾನಾ ನೋಡಬೇಕು.